ಒಂಟಿ ಸೀನು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರೂ ಹೇಳುತ್ತಿದ್ದರು, ಗಂಡನ ಮನೆಯವರೂ ಹೇಳುತ್ತಿದ್ದರು. ಎರಡೂ ಮನೆಯವರು ವಾದವಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ. ನಾನೂ ಅಲ್ಲಗಳೆಯುವುದಿಲ್ಲ. ಸರಿಯಾದ ಮಾತನ್ನು ಯಾರಾದರೂ ತಪ್ಪೆಂದರೆ ನನಗೆ ಸಿಟ್ಟು ಬರುತ್ತದೆ. ಅಂಥ ಹೊತ್ತಿನಲ್ಲಿ ಸಿಟ್ಟು ಬರದವರನ್ನು ಕಂಡರೆ ಇನ್ನೂ ಹೆಚ್ಚು ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬಂದೆ. ಗಂಡ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಅವರಿಗಿಂತ ಹೆಚ್ಚು ಹೊತ್ತು ಮನೆಯಲ್ಲಿ ನನಗೆ ಎದುರಾಗುತ್ತಿದ್ದವರು ಮಾವ. ಚಿತ್ರದುರ್ಗದ ಕಡೆಯ ಪ್ರೈಮರಿ ಶಾಲೆಯೊಂದರಲ್ಲಿ ಹೆಡ್‌ಮಾಸ್ಟರ್ ಆಗಿದ್ದು ನಿವೃತ್ತರಾಗಿ ಮಗನ ಜೊತೆ ಇದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಪಂಚಾಂಗ. ಬೆಳಿಗ್ಗೆ ಪೇಪರು ಓದುವ ಮೊದಲು ಪಂಚಾಂಗ ಓದಬೇಕು, ಪಂಚಾಂಗ ಓದುವ ಮೊದಲು ಯಾರೂ ಹೊಸ್ತಿಲು ದಾಟಬಾರದು.

ಅದರ ಮೇಲೆ ಸೀನಿನ ಕಾಟ. ಮನೆಯಿಂದ ಹೊರಡುವಾಗ ಯಾರಾದರೂ ಒಂದೇ ಒಂದು ಸಲ ಸೀನಿದರೆ ಹೊರಟವರು ಬಾಗಿಲಲ್ಲೇ ಕೂರಬೇಕು. ಒಂದು ಗುಟುಕು ನೀರು ಕುಡಿಯಬೇಕು. ಇನ್ನೊಂದು ಸೀನು ಬಂದರೆ ಸರಿ, ಜೋಡಿ ಸೀನು ಶುಭ, ಎದ್ದು ಹೋಗಬಹುದು. ಬರದಿದ್ದರೆ ಮಾವನಿಗೆ ಸಮಾಧಾನವಾಗುವವರೆಗೆ ಕೂರಬೇಕು. ಚಳಿಗಾಲದಲ್ಲಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸೀನುತ್ತಿದ್ದವರೂ ಅವರೇ. ಅಪಶಕುನ ಮಾಡುವವರೂ ಅವರೇ, ಪರಿಹಾರ ಹೇಳುವವರೂ ಅವರೇ.

"ಕುಂದ್ರು ತಾಯಿ, ಒಂದ್ ಗುಟುಕು ನೀರು ಕುಡಿ. ಎಲ್ಡನೇದು ಬರ್ಲಿ," ಎನ್ನುತ್ತಿದ್ದರು.

"ಎಂಟೂ ಹತ್ತರ ಬಸ್ಸು ನಿಮ್ಮ ಎರಡನೇ ಸೀನಿಗೆ ಕಾಯಲ್ಲ ಮಾವ," ಎಂದು ನಾನು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. ಒಂದು ಸಲವೂ ಕೂತಿಲ್ಲ. ಸಂಜೆ ನಾನು ಕೈಕಾಲು ನೆಟ್ಟಗಿಟ್ಟುಕೊಂಡು ಮರಳಿದರೆ ಅವರ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಪ್ರಮೇಯ ತಪ್ಪಿದ ಮೇಷ್ಟರ ಪೆಚ್ಚು ಕಾಣುತ್ತಿತ್ತು.

ಇನ್ನು ನನ್ನ ಕೆಲಸ. ಬೀದಿಯವರು ಕೇಳಿದರೆ "ಆಫೀಸಿನಲ್ಲಿ ಲೆಕ್ಕ ನೋಡೋದು" ಎಂದುಬಿಡುತ್ತಿದ್ದೆ. ನಿಜ ಹೇಳಿದರೆ ನಂಬುತ್ತಿರಲಿಲ್ಲ. ಹೊರದೇಶದ ಉಪಗ್ರಹವೊಂದರ ಮೇಲೆ ನಮ್ಮ ಗುಂಪು ಕಟ್ಟಿಕೊಟ್ಟ ಒಂದು ಸಣ್ಣ ದೂರದರ್ಶಕ ಇತ್ತು. ದೂರದರ್ಶಕ ಎಂದರೆ ಕೊಳವೆ, ಮಸೂರ ಏನೂ ಇಲ್ಲ, ಒಂದು ಡಬ್ಬಿ. ಒಳಗೆ ಹರಳು. ಗಾಮಾ ಕಿರಣ ಬಂದು ತಾಕಿದರೆ ಆ ಹರಳು ಮಿಣುಕುತ್ತದೆ, ಡಬ್ಬಿ ಆ ಮಿಣುಕನ್ನು ಎಣಿಸುತ್ತದೆ. ಗಾಮಾ ಕಿರಣ ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಇಳಿಯುವುದಿಲ್ಲ. ಆದ್ದರಿಂದ ಎಣಿಸುವವರೇ ಮೇಲೆ ಹೋಗಬೇಕು.

ಎಣಿಕೆ ಟೇಪಿನಲ್ಲಿ ನಮಗೆ ಬರುತ್ತಿತ್ತು. ಎಣಿಕೆ ಇದ್ದಕ್ಕಿದ್ದಂತೆ ಜಿಗಿದ ಕ್ಷಣಗಳನ್ನು ಮಾತ್ರ ಕಂಪ್ಯೂಟರು ಅಗಲವಾದ ಹಾಳೆಗಳ ಮೇಲೆ ಅಚ್ಚು ಹಾಕುತ್ತಿತ್ತು. ತಿಳಿ ಹಸಿರು ಪಟ್ಟೆಯ ಹಾಳೆ, ಎರಡೂ ಅಂಚಿನಲ್ಲಿ ತೂತು. ಎಡಗಡೆ ಸಮಯ. ಅದರ ಮುಂದೆ ಎಷ್ಟು ಎಣಿಕೆಯೋ ಅಷ್ಟು ಉದ್ದಕ್ಕೆ ನಕ್ಷತ್ರದ ಚಿಹ್ನೆಗಳ ಸಾಲು. ಒಂದೊಂದು ಸಾಲೂ ಸೆಕೆಂಡಿನ ಒಂದು ಚೂರು. ಆಕಾಶದಲ್ಲಿ ಎಲ್ಲೋ ಏನೋ ಸಿಡಿದರೆ ನಾಲ್ಕಾರು ನಕ್ಷತ್ರದ ಸಾಲು ಇದ್ದಕ್ಕಿದ್ದಂತೆ ಹಾಳೆಯ ಬಲತುದಿಯವರೆಗೆ ಓಡುತ್ತಿದ್ದವು. ನಾನು ಕೆಂಪು ಪೆನ್ಸಿಲ್ಲಿನಲ್ಲಿ ಅದಕ್ಕೆ ಸುತ್ತು ಹಾಕಬೇಕು. ನಮ್ಮ ಗುಂಪಿನ ಮುಖ್ಯಸ್ಥರು ನೋಡಿ, ಒಪ್ಪಿದರೆ ಬಿಡಬೇಕು, ಒಪ್ಪದಿದ್ದರೆ ನೀಲಿ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆಯಬೇಕು. ಎಂ.ಎಸ್ಸಿ. ಮಾಡಿದ ನನಗೂ ಪಿಎಚ್.ಡಿ. ಮಾಡಿದ ಅವರಿಗೂ ಇದ್ದ ವ್ಯತ್ಯಾಸ ಆ ಬಣ್ಣ.

ಒಂದು ವರ್ಷದಲ್ಲಿ ನಾಲ್ಕು ಸಲ ನಾನು ವಿಚಿತ್ರವಾದುದಕ್ಕೆ ಸುತ್ತು ಹಾಕಿದೆ. ಎಲ್ಲರಿಗೂ ಗೊತ್ತಿದ್ದ ಗಾಮಾ ಸ್ಫೋಟಗಳು ಹತ್ತಿಪ್ಪತ್ತು ಸೆಕೆಂಡು ಉರಿಯುತ್ತಿದ್ದವು, ಅವುಗಳ ಕಿರಣ ಬಲು ಖಾರ. ಇವು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ಮುಗಿದುಹೋಗುತ್ತಿದ್ದವು, ಕಿರಣವೂ ಮೆತ್ತಗೆ. ಅದಕ್ಕಿಂತ ಮುಖ್ಯ, ನಾಲ್ಕೂ ಒಬ್ಬಳೇ ತಾಯಿಯ ಮಕ್ಕಳ ಹಾಗೆ ಇದ್ದವು. ಅದೇ ಏರು, ಅದೇ ಇಳಿತ.

"ಇದು ಸ್ಫೋಟ ಅಲ್ಲಮ್ಮ, ಎಲೆಕ್ಟ್ರಾನಿಕ್ಸ್ ತೊಂದರೆ," ಎಂದರು ಮುಖ್ಯಸ್ಥರು. "ಡಬ್ಬಿಗೆ ನೆಗಡಿ. ಸೀನ್ತಾ ಇದೆ, ಅಷ್ಟೆ."

"ಮೆಷೀನಿನ ತೊಂದರೆ ಆಗಿದ್ರೆ ಒಂದೇ ಸಾಲಲ್ಲಿ ಗೂಟದ ಥರ ಏಳ್ಬೇಕು ಸಾರ್. ಇದು ಐದು ಸಾಲಲ್ಲಿ ಏರಿ ಇಳಿದಿದೆ. ನಾಲ್ಕು ಸಲಾನೂ ಹಾಗೇ."

"ಒಂದೇ ನಕ್ಷತ್ರ ಮತ್ತೆ ಮತ್ತೆ ಸಿಡಿಯುತ್ತಾ? ಸಿಡಿದ ಮೇಲೆ ಉಳೀಬೇಕಲ್ಲ ಅದು?"

"ಸಿಡಿಯೋದು ಬೇರೆ, ಸಿಡುಕೋದು ಬೇರೆ ಸಾರ್. ನಾನು ದಿನಾ ಸಿಡುಕ್ತೀನಿ. ಉಳಿದಿಲ್ವಾ?"

ಅವರು ನಕ್ಕರು. ನಕ್ಕು ನಾಲ್ಕಕ್ಕೂ ನೀಲಿ ಗೆರೆ ಎಳೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಲ್ಲ ಅವರು, ಒಳ್ಳೆಯ ಮನುಷ್ಯ. ಅವರ ಪುಸ್ತಕದಲ್ಲಿ ಮತ್ತೆ ಮತ್ತೆ ಸಿಡಿಯುವ ನಕ್ಷತ್ರ ಇರಲಿಲ್ಲ, ನನ್ನ ಹಾಳೆಯಲ್ಲಿ ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ತಾರೀಖು ಬರೆದು ಪಕ್ಕದಲ್ಲಿ "ಸೀನು" ಎಂದು ಬರೆದುಕೊಂಡೆ. ಸಮಯವನ್ನು ಬರೆಯಲಿಲ್ಲ. ಹಾಳೆಯಲ್ಲಿ ಇದೆಯಲ್ಲ ಎಂಬ ಧೈರ್ಯ. ಆ ಸೋಮಾರಿತನಕ್ಕೆ ನಾನು ನನ್ನನ್ನು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದಿಲ್ಲ.

ಆ ಹಾಳೆಗಳಿಗೆ ಏನಾಯಿತು ಎಂದರೆ, ಅವುಗಳಿಂದ ಪುಸ್ತಕಕ್ಕೆ ಬೈಂಡ್ ಹಾಕಿದರು. ನೋಡಿ ಮುಗಿದ ಹಾಳೆಗಳನ್ನು ಆಫೀಸಿನಲ್ಲಿ ಮೂಟೆ ಕಟ್ಟಿ ಮೂಲೆಗೆ ಇಡುತ್ತಿದ್ದರು. ಬೇಕಾದವರು ಕೇಳಿ ಒಯ್ಯಬಹುದಿತ್ತು. ಗಟ್ಟಿ ಕಾಗದ, ಹಿಂಬದಿ ಖಾಲಿ. ಜೂನ್ ಬರುವ ಮೊದಲು ನಾನೇ ಎರಡು ಮೂಟೆ ಬಸ್ಸಿನಲ್ಲಿ ಹೊತ್ತು ತಂದು ಮಾವನ ಮುಂದೆ ಹಾಕಿದೆ. ಶಾಲೆ ಶುರುವಾಗುವ ವಾರ ನಮ್ಮ ಜಗುಲಿಯಲ್ಲಿ ಬೀದಿಯ ಮಕ್ಕಳೆಲ್ಲ ಹೊಸ ಪುಸ್ತಕ ಹಿಡಿದು ಸಾಲು ನಿಲ್ಲುತ್ತಿದ್ದರು. ಮಾವ ಕಾಲು ಚಾಚಿ ಕೂತು ಬೈಂಡ್ ಹಾಕುತ್ತಿದ್ದರು. ಅಚ್ಚಾದ ಬದಿ ಒಳಗೆ, ಬಿಳಿ ಬದಿ ಹೊರಗೆ. ಗೋಂದು ಇಲ್ಲ, ಕತ್ತರಿ ಇಲ್ಲ. ಎಷ್ಟು ಅಗಲ ಉಳಿದರೂ ಒಳಕ್ಕೆ ಮಡಚಿ ಮೂಲೆ ಸಿಕ್ಕಿಸುತ್ತಿದ್ದರು.

"ಕತ್ತರಿಸಿದ್ರೆ ಬೇಗ ಮುಗಿಯುತ್ತಲ್ಲ ಮಾವ," ಎಂದರೆ, "ಕಾಗದಕ್ಕೆ ಕತ್ತರಿ ಹಾಕಬಾರ್ದು ತಾಯಿ, ವಿದ್ಯೆ ಅದು," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಂದೊಂದು ಪುಸ್ತಕಕ್ಕೆ ಕಾಲು ಗಂಟೆ.

ಆ ಮಳೆಗಾಲದಲ್ಲಿ ಮೇಲಿದ್ದ ನಮ್ಮ ಡಬ್ಬಿ ಸುಮ್ಮನಾಯಿತು. ವಯಸ್ಸಾಗಿತ್ತು. ಟೇಪುಗಳು ದುಬಾರಿ, ಓದಿ ಮುಗಿದವುಗಳ ಮೇಲೆ ಬೇರೆ ಕೆಲಸದ್ದನ್ನು ಬರೆದೆವು. ಎಲ್ಲ ಕಡೆ ಮಾಡುತ್ತಿದ್ದುದೇ ಅದು.

ಫೆಬ್ರವರಿಯ ಒಂದು ಶುಕ್ರವಾರ ಮುಖ್ಯಸ್ಥರು ನನ್ನನ್ನು ಕರೆದು ಒಂದು ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟರು. ಹೊರದೇಶದ ಇನ್ನೊಂದು ಗುಂಪಿನವರು ಬರೆದಿದ್ದರು. ಅವರ ದೂರದರ್ಶಕ ಇದ್ದದ್ದು ಭೂಮಿಯಿಂದ ಬಹಳ ದೂರ ಹೋಗಿದ್ದ ನೌಕೆಯೊಂದರಲ್ಲಿ. ಹಳೆಯ ದಾಖಲೆ ಕೆದಕುವಾಗ ಅವರಿಗೆ ಚಿಕ್ಕ, ಮೆತ್ತಗಿನ, ಮತ್ತೆ ಮತ್ತೆ ಬರುವ ಸ್ಫೋಟಗಳು ಸಿಕ್ಕಿದ್ದವು. ಮೂರು ತಾರೀಖು ಕೊಟ್ಟಿದ್ದರು. ಬೇಕೆಂದೇ ಗಂಟೆ ನಿಮಿಷ ಕೊಟ್ಟಿರಲಿಲ್ಲ. ನಿಮಗೂ ಕಂಡಿದ್ದರೆ ನಿಮ್ಮ ಸಮಯವನ್ನು ನೀವೇ ಕಳಿಸಿ, ಆಮೇಲೆ ಹೊಂದಿಸಿ ನೋಡೋಣ, ಸೋಮವಾರದೊಳಗೆ ಟೆಲೆಕ್ಸ್ ಮಾಡಿ ಎಂದಿದ್ದರು.

ನಾನು ಓಡಿಹೋಗಿ ನೋಟ್‌ಬುಕ್ ತಂದೆ. ಮೂರು ತಾರೀಖೂ ಅದರಲ್ಲಿದ್ದವು. ನನ್ನ ನಾಲ್ಕು ಸೀನಿನಲ್ಲಿ ಮೂರು.

ಮುಖ್ಯಸ್ಥರು ನೋಟ್‌ಬುಕ್ಕನ್ನು ಪತ್ರದ ಪಕ್ಕ ಇಟ್ಟು ಹೊಂದಿಸಿ ನೋಡಿದರು. ಆಮೇಲೆ, "ತಾರೀಖು ಸಾಕಾಗಲ್ಲಮ್ಮ. ಸೆಕೆಂಡು ಬೇಕು. ಶೀಟು ಇದ್ರೆ ಕೊಡು, ಇಲ್ಲಾಂದ್ರೆ ಏನೂ ಸಿಕ್ಕಲಿಲ್ಲ ಅಂತ ಬರೀತೀನಿ. ನಿನ್ನ ನೋಟ್‌ಬುಕ್ ನಾನು ನಂಬ್ತೀನಿ. ಅವರು ಯಾಕೆ ನಂಬಬೇಕು?" ಎಂದರು.

ನಂಬುತ್ತೀನಿ ಎಂಬ ಮಾತು ಒಂದು ವರ್ಷ ತಡವಾಗಿ ಬಂದಿತ್ತು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು, ಆದ್ದರಿಂದ ಅದನ್ನು ನುಂಗಿಕೊಂಡೆ. "ಸೋಮವಾರ ಬೆಳಿಗ್ಗೆ ತರ್ತೀನಿ ಸಾರ್," ಎಂದೆ. ಎಲ್ಲಿಂದ ಎಂದು ಅವರು ಕೇಳಲಿಲ್ಲ. ಮಕ್ಕಳ ಪಠ್ಯಪುಸ್ತಕದ ಮೈಮೇಲಿಂದ ಎಂದು ನಾನೂ ಹೇಳಲಿಲ್ಲ.

ಶನಿವಾರ ಅರ್ಧ ದಿನ. ಮನೆಗೆ ಬಂದವಳೇ ಮಾವನ ಮುಂದೆ ನಿಂತು ಎಲ್ಲ ಹೇಳಿದೆ. ಕೆಂಪು ಸುತ್ತು, ಅದರ ಮೇಲೆ ನೀಲಿ ಗೆರೆ ಇರುವ ಮೂರು ಹಾಳೆ ಬೇಕು. ಇಲ್ಲದಿದ್ದರೆ ನಾನು ನೋಡಿದ್ದು ನೋಡಿಲ್ಲ ಎಂದಾಗುತ್ತದೆ. ಹೇಳುವಾಗ ನನ್ನ ದನಿ ಒಡೆಯಿತು. ಅವರ ಮುಂದೆ ನಾನು ಅತ್ತದ್ದು ಅದೇ ಮೊದಲು. ಅದಕ್ಕೂ ನನಗೆ ಸಿಟ್ಟು ಬಂತು.

ಮಾವ ಎದ್ದು ಕನ್ನಡಕ ಹಾಕಿಕೊಂಡರು. "ಹೋದ ಜೂನಲ್ಲಿ ಅರವತ್ತು ಪುಸ್ತಕದ ಮ್ಯಾಲಾತು ತಾಯಿ. ಯಾವ ಮಗುಂದು ಯಾವ ಪುಸ್ತಕ ಅಂತ ನಂಗೆ ಗೊತ್ತೈತೆ. ಒಳಗೇನೈತಿ ಅಂತ ಗೊತ್ತಿಲ್ಲ," ಎಂದರು. ಆಮೇಲೆ ಕೈಯಲ್ಲಿದ್ದ ಪಂಚಾಂಗವನ್ನು ನೋಡಿದರು. ಅದಕ್ಕೂ ಅವರದೇ ಬೈಂಡ್ ಇತ್ತು. "ಮೊದ್ಲು ಮನೇದು ನೋಡಾಣ," ಎಂದು ಮಡಿಕೆ ಬಿಡಿಸಿ ನನ್ನ ಕೈಗೆ ಕೊಟ್ಟರು.

ಬಿಚ್ಚಿದೆ. ಹಸಿರು ಪಟ್ಟೆಯ ನಡುವೆ ಕೆಂಪು ಸುತ್ತು, ನೀಲಿ ಗೆರೆ. ಕೂಗಿಯೇಬಿಟ್ಟೆ. ಎಂಟು ತಿಂಗಳಿಂದ ಪ್ರತಿ ಬೆಳಿಗ್ಗೆ ರಾಹುಕಾಲ ನೋಡಲು ಅವರು ಹಿಡಿದುಕೊಂಡಿದ್ದ ಹಾಳೆ ಅದು. ಆಮೇಲೆ ತಾರೀಖು ಓದಿದೆ. ಅದು ನಾಲ್ಕನೆಯದು. ಪತ್ರದಲ್ಲಿ ಇಲ್ಲದ್ದು.

"ಆಗಲ್ವಾ?" ಎಂದರು ಮಾವ.

"ಇದನ್ನ ಅವರು ಕೇಳಿಲ್ಲ ಮಾವ. ಇದಕ್ಕೆ ಜೋಡಿ ಇಲ್ಲ. ಒಂಟಿ ಸೀನು."

ಅವರು ಆ ಮಾತಿಗೆ ನನ್ನನ್ನು ಒಂದು ಸಲ ನೋಡಿದರು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ಬೀದಿಗೆ ಇಳಿದೆವು. ನಾನು ಮುಂದೆ, ಹಳೆಯ ಪೇಪರಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ಮಾವ ಹಿಂದೆ. ನಾನು ಬೈಂಡ್ ಬಿಚ್ಚುವುದು, ಅವರು ಅಲ್ಲೇ ಕೂತು ಪೇಪರಿನ ಬೈಂಡ್ ಹಾಕುವುದು. ಪುಸ್ತಕವನ್ನು ಬರಿಮೈಯಲ್ಲಿ ಬಿಟ್ಟು ಎದ್ದು ಬರಲು ಅವರು ಒಪ್ಪಲೇ ಇಲ್ಲ.

ಮೇಲ್ಮನೆಯ ಆಂಟಿ ಬಾಗಿಲಿಗೆ ಅಡ್ಡ ನಿಂತರು. "ಏನ್ರೀ ಇದು, ಪರೀಕ್ಷೆ ಟೈಮಲ್ಲಿ ಪುಸ್ತಕಕ್ಕೆ ಕೈ ಹಾಕ್ತೀರಾ? ನಿಮ್ಮಾವನೇ ಹಾಕ್ಕೊಟ್ಟಿದ್ದಲ್ವಾ ಇದು? ಕೊಟ್ಟಿದ್ದನ್ನ ವಾಪಸ್ ಕೇಳೋ ಮನೆ ನಿಮ್ದು ಅಂತ ಗೊತ್ತಿರ್ಲಿಲ್ಲ."

ನನ್ನ ಬಾಯಿಗೆ ಬಂದದ್ದನ್ನು ನಾನು ಆಡಿದ್ದರೆ ಆ ಮನೆಯ ಏಳು ಪುಸ್ತಕ ಕೈಬಿಟ್ಟುಹೋಗುತ್ತಿದ್ದವು. ಮಾವ ಮುಂದೆ ಬಂದು, "ಪರೀಕ್ಷೆಗೆ ಹೊಸಾ ಅಂಗಿ ಹಾಕ್ಕೊಡಾಣ ಅಂತ ಬಂದೀನಿ ತಾಯಿ," ಎಂದರು. ಆಂಟಿ ಕರಗಿ ಕಾಫಿಯನ್ನೂ ಕೊಟ್ಟರು. ಅವರ ಮಗಳ ಗಣಿತದ ಪುಸ್ತಕದ ಮೇಲೆ ಮೊದಲನೆಯ ಹಾಳೆ ಸಿಕ್ಕಿತು.

ಎರಡನೆಯದು ಬೀದಿಯ ಕೊನೆಯ ಮನೆಯ ಸಮಾಜ ಪುಸ್ತಕದ ಮೇಲೆ. ಸಾರು ಚೆಲ್ಲಿದ ಕಲೆ ಹಾಳೆಯ ಅರ್ಧ ಮುಚ್ಚಿತ್ತು, ಆದರೆ ಎಡಗಡೆಯ ಸಮಯ ಸ್ಪಷ್ಟವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಬೀದಿಯ ಅಷ್ಟೂ ಪುಸ್ತಕ ಮುಗಿದವು. ಮೂರನೆಯದು ಎಲ್ಲೂ ಇಲ್ಲ. ಜಗುಲಿಯ ಮೇಲೆ ಕೂತೆ. ಮಾವನ ಕೈಬೆರಳು ಪೇಪರಿನ ಶಾಯಿಯಿಂದ ಕಪ್ಪಾಗಿದ್ದವು.

"ಕೆಂಗೇರಿ ಉಪನಗರ," ಎಂದರು ಮಾವ ಇದ್ದಕ್ಕಿದ್ದಂತೆ. ನನ್ನ ನಾದಿನಿ ಆ ಜೂನಿನಲ್ಲಿ ಬಂದವಳು ಮಗಳ ಐದು ಪುಸ್ತಕಕ್ಕೆ ಬೈಂಡ್ ಹಾಕಿಸಿಕೊಂಡು ಹೋಗಿದ್ದಳು.

ಊಟದ ತಟ್ಟೆ ತೊಳೆದಿಟ್ಟು, ಸೀರೆ ಬದಲಿಸಿ ಹೊರಡುವಷ್ಟರಲ್ಲಿ ನಾಲ್ಕೂವರೆ ದಾಟಿತು. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಆ ಮನೆಗೆ ಬಂದು ಅಷ್ಟು ವರ್ಷದಲ್ಲಿ ಭಾನುವಾರದ ಆ ಹೊತ್ತಿನಲ್ಲಿ ಮಾವ ಗೇಟು ದಾಟಿದ್ದನ್ನು ನಾನು ಕಂಡಿಲ್ಲ. "ನೀವು ಇರಿ ಮಾವ, ನಾನೇ ಹೋಗಿ ಬರ್ತೀನಿ. ರಾಹುಕಾಲ," ಎಂದೆ.

"ಗೊತ್ತೈತೆ," ಎಂದರು. "ನೀನು ಹೋದ್ರೆ ಆ ಪುಸ್ತಕಕ್ಕೆ ತಿರುಗಾ ಬೈಂಡ್ ಹಾಕೋರು ಯಾರು? ನಡಿ."

ವಿಜಯನಗರದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಮೈಸೂರು ರಸ್ತೆಯ ಉದ್ದಕ್ಕೂ ಹೋದೆವು. ಅವರು ಒಂದೆರಡು ಸಲ ಹಣೆ ಮುಟ್ಟಿ ನೋಡಿಕೊಂಡರು, ವಿಭೂತಿ ಇದೆಯೋ ಇಲ್ಲವೋ ಎಂಬಂತೆ. ಹೆದರಿದ್ದರು. ಹೆದರಿಕೊಂಡೇ ಬಂದಿದ್ದರು. ಅಷ್ಟು ವರ್ಷ ಅವರನ್ನು ಬರಿಯ ಮೂಢನಂಬಿಕೆಯ ಮುದುಕ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಾದಿನಿಯ ಮಗಳು ಐದು ಪುಸ್ತಕ ತಂದು ಮುಂದಿಟ್ಟಳು. ಒಂದಕ್ಕೂ ನಮ್ಮ ಬೈಂಡ್ ಇರಲಿಲ್ಲ. ಎಲ್ಲಕ್ಕೂ ಬಣ್ಣದ ಕ್ಯಾಲೆಂಡರ್ ಕಾಗದ, ಹೂವು, ಬೆಟ್ಟ, ನದಿ.

"ತಾತ ಹಾಕಿದ್ದು ಬಿಳೀದಾಗಿತ್ತು ಅತ್ತೆ, ಕ್ಲಾಸಲ್ಲಿ ಎಲ್ಲಾರೂ ನಗ್ತಿದ್ರು," ಎಂದಳು ಹುಡುಗಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಮಾವ ಮಾತ್ರ ಒಂದು ಪುಸ್ತಕ ಎತ್ತಿ, ಬೆರಳಿನಿಂದ ಅಂಚನ್ನು ಒತ್ತಿ ನೋಡಿದರು. "ದಪ್ಪ ಐತೆ," ಎಂದರು. ಹುಡುಗಿ ಹಳೆಯದನ್ನು ಬಿಚ್ಚುವ ಗೋಜಿಗೆ ಹೋಗಿರಲಿಲ್ಲ. ಅದರ ಮೇಲೆಯೇ ಕ್ಯಾಲೆಂಡರ್ ಅಂಟಿಸಿದ್ದಳು. ನಾಲ್ಕನೆಯ ಪುಸ್ತಕ ವಿಜ್ಞಾನ. ಅದರ ಹೂವಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ನನ್ನ ಕೆಂಪು ಸುತ್ತು.

ಆದರೆ ಎಡಗಡೆ ಸಮಯ ಇಲ್ಲ. ನಕ್ಷತ್ರದ ಸಾಲುಗಳು ಮಡಿಕೆಯ ಅಂಚಿನಿಂದಲೇ ಶುರುವಾಗಿದ್ದವು. ಮಾವ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಪುಸ್ತಕ ಚಿಕ್ಕದಾಗಿದ್ದರಿಂದ ಒಳಕ್ಕೆ ಎರಡು ಸಲ ಮಡಚಿದ್ದ ಭಾಗವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಸಮಯದ ಅಂಕಿಗಳು, ತೂತಿನ ಅಂಚು, ಎಲ್ಲ ಅಲ್ಲೇ ಇದ್ದವು. ಕತ್ತರಿ ಹಾಕಿದ್ದರೆ ಹೋಗಿರುತ್ತಿದ್ದ ಎರಡು ಅಂಗುಲ. ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ನಾದಿನಿ ಇವಳಿಗೇನಾಯಿತು ಎಂದು ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ನಾಲ್ಕೂ ಹಾಳೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಹರಡಿದೆ. ಸಾರಿನ ಕಲೆ ಮೂಸಿ ನೋಡಿ, "ಇದೇನಮ್ಮ?" ಎಂದರು. ಹೇಳಿದೆ. ನಗಲಿಲ್ಲ ಅವರು. ಮೂರು ಸಮಯವನ್ನು ತಾವೇ ಬರೆದುಕೊಂಡರು. ನಾಲ್ಕನೆಯದನ್ನೂ ಕಳಿಸಿ ಎಂದು ಹಟ ಹಿಡಿದೆ. ಕೊನೆಯ ಸಾಲಿನಲ್ಲಿ, ಈ ದಿನ ನಿಮಗೇನಾದರೂ ಕಂಡಿತೇ ಎಂದು ಸೇರಿಸಿದರು.

ಉತ್ತರ ಗುರುವಾರ ಬಂತು. ಅವರ ಮೂರು ಸಮಯ, ಆ ದಿನಗಳಲ್ಲಿ ಅವರ ನೌಕೆ ಎಲ್ಲಿತ್ತು ಎಂಬ ವಿವರ. ಅವರ ಸಮಯಕ್ಕೂ ನಮ್ಮದಕ್ಕೂ ಕೆಲವು ಸೆಕೆಂಡುಗಳ ವ್ಯತ್ಯಾಸ ಇರಲೇಬೇಕು, ಏಕೆಂದರೆ ಕಿರಣ ಮೊದಲು ಒಬ್ಬರನ್ನು ತಾಕಿ ಆಮೇಲೆ ಇನ್ನೊಬ್ಬರನ್ನು ತಾಕುತ್ತದೆ. ಎಷ್ಟು ತಡ ಎಂಬುದು ಅದು ಬಂದ ದಿಕ್ಕಿನ ಮೇಲೆ ನಿಂತಿರುತ್ತದೆ. ಮೂರೂ ಒಂದೇ ಕಡೆಯಿಂದ ಬಂದಿದ್ದರೆ ಮೂರು ದಿನದ ತಡವೂ ಒಂದೇ ದಿಕ್ಕಿಗೆ ಒಪ್ಪಬೇಕು. ಮುಖ್ಯಸ್ಥರು ಕ್ಯಾಲ್ಕುಲೇಟರ್ ಹಿಡಿದು ಕೂತರು. ನಾನು ಎದುರು ನಿಂತಿದ್ದೆ. ಕೂರು ಎಂದರೂ ಕೂರಲಿಲ್ಲ. ಮೊದಲನೆಯದು ಒಪ್ಪಿತು. ಎರಡನೆಯದು ಒಪ್ಪಿತು. ಮೂರನೆಯದಕ್ಕೆ ಅವರು ಎರಡು ಸಲ ಲೆಕ್ಕ ಹಾಕಿದರು.

"ಮೂರೂ ಒಂದೇ ಜಾಗ," ಎಂದರು. "ಧನು ರಾಶಿ ಕಡೆ. ನೆಗಡಿ ನಮ್ಮ ಡಬ್ಬೀದಲ್ಲ ಕಣಮ್ಮ, ಆ ನಕ್ಷತ್ರದ್ದೇ."

ನಾನು ಹೇಳಿದ್ದೆನಲ್ಲ ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅವರು ರಬ್ಬರು ತೆಗೆದು ತಮ್ಮ ನೀಲಿ ಗೆರೆಗಳನ್ನು ತಾವೇ ಉಜ್ಜಿದರು. ಬಣ್ಣದ ಪೆನ್ಸಿಲ್ ಪೂರ್ತಿ ಅಳಿಸುವುದಿಲ್ಲ, ಹಾಳೆಯ ಮೇಲೆ ನೀಲಿ ಮಸುಕು ಉಳಿಯಿತು. ಆದರೂ ಉಜ್ಜಿದರು. ನನ್ನ ಮಟ್ಟಿಗೆ ಅದೇ ಬಹುಮಾನ, ಅದಕ್ಕಿಂತ ದೊಡ್ಡದು ನನಗೆ ಇಂದಿಗೂ ಸಿಕ್ಕಿಲ್ಲ. ಅಂಥ ನಕ್ಷತ್ರಗಳಿಗೆ ಮ್ಯಾಗ್ನೆಟಾರ್ ಎಂಬ ಹೆಸರು ಬಂದದ್ದು ಆಮೇಲೆ, ತೊಂಬತ್ತರ ದಶಕದಲ್ಲಿ. ಕೆಂಗೇರಿಯಿಂದ ಹೆಬ್ಬಾಳದಷ್ಟು, ಅಂದರೆ ಇಪ್ಪತ್ತು ಕಿಲೋಮೀಟರ್ ಅಗಲದ ಸತ್ತ ನಕ್ಷತ್ರ, ಮೈಯೆಲ್ಲ ಊಹೆಗೆ ನಿಲುಕದ ಅಯಸ್ಕಾಂತ. ಆ ಬಲಕ್ಕೆ ಅದರ ತೊಗಟೆ ಬಿರಿದಾಗಲೆಲ್ಲ ಒಂದು ಸಿಡುಕು. ಸಿಡುಕಿದ ಮೇಲೂ ಉಳಿಯುತ್ತದೆ, ನಾನು ಹೇಳಿದ ಹಾಗೆಯೇ.

ನಾಲ್ಕನೆಯದರ ಬಗ್ಗೆ ಅವರ ಉತ್ತರದಲ್ಲಿ ಒಂದೇ ಸಾಲು ಇತ್ತು. ಆ ದಿನ ನಮ್ಮ ಉಪಕರಣವನ್ನು ನಿಲ್ಲಿಸಿದ್ದೆವು, ಏನೂ ಹೇಳಲಾರೆವು.

"ಹೌದು ಅಂತಾನೂ ಇಲ್ಲ, ಅಲ್ಲ ಅಂತಾನೂ ಇಲ್ಲ. ಇದನ್ನ ಲೆಕ್ಕಕ್ಕೆ ತಗೊಳಕ್ಕಾಗಲ್ಲಮ್ಮ," ಎಂದು ಮುಖ್ಯಸ್ಥರು ಆ ಹಾಳೆಯನ್ನು ನನಗೆ ಮರಳಿಸಿದರು. ಅದರ ನೀಲಿ ಗೆರೆ ಹಾಗೇ ಇತ್ತು.

"ಅದೇ ಏರು ಸಾರ್, ಅದೇ ಇಳಿತ. ನೀವೇ ನೋಡಿ."

"ನೋಡ್ದೆ. ನಂಗೂ ಹಾಗೇ ಅನ್ಸುತ್ತೆ. ಅನ್ಸೋದನ್ನ ಬರಿಯೋಕಾಗಲ್ಲ."

ಮೂರು ಗೆದ್ದವಳು ಆ ಒಂದಕ್ಕಾಗಿ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಬಂದೆ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಮಾವನಿಗೆ ಎಲ್ಲ ವರದಿ ಮಾಡಿದೆ. ಧನು ರಾಶಿ ಎಂದಾಗ, ಇಷ್ಟು ದಿನಕ್ಕೆ ನಮ್ಮ ಆಫೀಸಿಗೆ ಬುದ್ಧಿ ಬಂತು ಎಂಬಂತೆ ತಲೆ ಆಡಿಸಿದರು. ಕೊನೆಗೆ ಆ ನಾಲ್ಕನೆಯ ಹಾಳೆಯನ್ನು ಅವರ ಮುಂದೆ ಹಾಕಿ, "ತಗೊಳ್ಳಿ, ನಿಮ್ಮ ಪಂಚಾಂಗಕ್ಕೇ ಆಯ್ತು. ಇದು ಯಾರಿಗೂ ಬೇಡವಂತೆ," ಎಂದೆ. ಅವರು ಅದನ್ನು ಹಾಸಿಗೆಯ ಕೆಳಗೆ ಸಪಾಟಾಗಿ ಇಟ್ಟುಕೊಂಡರು.

ಯುಗಾದಿಗೆ ಹೊಸ ಪಂಚಾಂಗ ಬಂತು. ಬೇವು ಬೆಲ್ಲ ಮುಗಿದ ಮೇಲೆ ಮಾವ ಜಗುಲಿಯಲ್ಲಿ ಕಾಲು ಚಾಚಿ ಕೂತು ಅದಕ್ಕೆ ಬೈಂಡ್ ಹಾಕುತ್ತಿದ್ದರು. ನಾನು ಹೂರಣದ ಕೈ ತೊಳೆದು ಬಂದು ನೋಡಿದರೆ ಹಾಳೆ ತಿರುವುಮುರುವಾಗಿತ್ತು. ಬಿಳಿ ಬದಿ ಒಳಗೆ. ನಕ್ಷತ್ರದ ಸಾಲು, ಕೆಂಪು ಸುತ್ತು, ನೀಲಿ ಗೆರೆ ಎಲ್ಲ ಹೊರಗೆ.

"ಉಲ್ಟಾ ಹಾಕಿದೀರಿ ಮಾವ. ಅಚ್ಚು ಹೊರಗೆ ಬಂತು."

"ಗೊತ್ತೈತೆ." ಮೂಲೆಯ ಮಡಿಕೆಯನ್ನು ಉಗುರಿನಿಂದ ತೀಡುತ್ತಾ ಹೇಳಿದರು. "ನೀನು ಅವತ್ತು ಒಂಟಿ ಸೀನು ಅಂದ್ರೆ ಸುಳ್ಳು ಅನ್ನಂಗೆ ಅಂದಿ. ಒಂಟಿ ಸೀನು ಸುಳ್ಳು ಅಂತ ನಾ ಯಾವತ್ತು ಅಂದಿದ್ದೆ ತಾಯಿ? ಕುಂತು ಕಾಯ್ಬೇಕು ಅಂದಿದ್ದೆ, ಅಷ್ಟೇ."

ನಾನು ಅವರ ಪಕ್ಕದಲ್ಲಿ ಜಗುಲಿಯ ಮೇಲೆ ಕೂತೆ. ಒಳಗೆ ಒಲೆಯ ಮೇಲೆ ಹೋಳಿಗೆ ಇತ್ತು, ಆದರೂ ಕೂತೆ.